ಮಗುವಿನ ಹೆಸರು ಚಿಕ್ಕದಿರಲಿ, ಪೂರ್ತಿಯಾಗಿರಲಿ

ಕೆಲವು ದಿನಗಳ ಹಿಂದೆ ಅಸರ್ ನಮಾಝಿನ ಬಳಿಕ ನಮ್ಮ ಹಳೆಯ ಶಿಷ್ಯನೊಬ್ಬ ಮದ್ರಸಾದ ಜಗಲಿಗೆ ಬಂದು ಕುಳಿತ. ಅವನಿಗೆ ಗಂಡುಮಗು ಹುಟ್ಟಿ ಐದು ದಿನವಾಗಿತ್ತು. ಇನ್ನೆರಡು ದಿನಗಳಲ್ಲಿ ಅಕೀಕಾ. ಅವನ ಮೊಬೈಲಿನಲ್ಲಿ ನಲವತ್ತಕ್ಕೂ ಹೆಚ್ಚು ಹೆಸರುಗಳ ಪಟ್ಟಿಯಿತ್ತು. "ಉಸ್ತಾದ್, ಎರಡಕ್ಷರದಲ್ಲಿ ಮುಗಿಯುವ ಹೆಸರು ಬೇಕು. ಕೇಳಲು ಹೊಸದಾಗಿಯೂ ಇರಬೇಕು. ಆದರೆ ನಮ್ಮ ಅಜ್ಜಿ ಒಪ್ಪುತ್ತಿಲ್ಲ. ತೀರಿಹೋದ ಅಜ್ಜನ ಹೆಸರನ್ನೇ ಇಡಬೇಕೆಂದು ಹಟ ಹಿಡಿದಿದ್ದಾರೆ" ಎಂದ. ಅಜ್ಜನ ಹೆಸರು ಅಬ್ದುಲ್ ರಹ್ಮಾನ್. ಆದರೆ ಆ ಹಿರಿಯರನ್ನು ಆ ಹೆಸರಿನಿಂದ ಕರೆದವರನ್ನು ನಾವು ಕಂಡಿಲ್ಲ. ಊರಿಗೆಲ್ಲ ಅವರು ಅದ್ರಾಮ ಬ್ಯಾರಿ. ಅವರ ಜನಾಝಾದ ಸುದ್ದಿಯನ್ನು ಮಸೀದಿಯ ಧ್ವನಿವರ್ಧಕದಲ್ಲಿ ಪೂರ್ಣ ಹೆಸರಿನೊಂದಿಗೆ ಪ್ರಕಟಿಸಿದಾಗ, ತೀರಿಹೋದವರು ಯಾರೆಂದು ಅನೇಕರು ಪರಸ್ಪರ ಕೇಳಿಕೊಂಡದ್ದು ನಮಗೆ ನೆನಪಿದೆ.

"ಮಗುವಿನ ತಾಯಿ ಏನನ್ನುತ್ತಾಳೆ?" ಎಂದು ನಾವು ಕೇಳಿದೆವು. ಅವನು ತಲೆ ತಗ್ಗಿಸಿದ. ಅವಳನ್ನು ಯಾರೂ ಕೇಳಿರಲಿಲ್ಲ.

ಮಗುವಿಗೆ ಹೆಸರಿಡುವಾಗ ನಮ್ಮ ಮನೆಗಳಲ್ಲಿ ಕಾಣಿಸಿಕೊಳ್ಳುವ ಗೊಂದಲಗಳೆಲ್ಲವೂ ಈ ಒಂದು ಮಾತುಕತೆಯಲ್ಲಿ ಅಡಗಿವೆ. ಹಿರಿಯರಿಗೆ ಪರಂಪರೆಯ ಉದ್ದ ಹೆಸರು ಬೇಕು. ಕಿರಿಯರಿಗೆ ಚಿಕ್ಕದಾದ, ಹೊಸದಾದ ಹೆಸರು ಬೇಕು. ನಾವು ಈ ವಿಷಯದಲ್ಲಿ ಕಿರಿಯರ ಪಕ್ಷವನ್ನೇ ವಹಿಸುತ್ತೇವೆ, ಆದರೆ ಒಂದು ಷರತ್ತಿನೊಂದಿಗೆ. ಹೆಸರು ಚಿಕ್ಕದಾಗಿರಬೇಕಾದುದು ಅದನ್ನು ಕರೆಯುವವರ ಬಾಯಲ್ಲಿ ಪೂರ್ತಿಯಾಗಿ ಉಳಿಯಲೆಂದು. ಪೂರ್ತಿಯಾಗಿ ಉಳಿದ ಹೆಸರಿನ ಅರ್ಥ ಮಾತ್ರ ಮಗುವನ್ನು ತಲುಪುತ್ತದೆ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಹಾಜರಿ ಪುಸ್ತಕ ಹಿಡಿದು ಮಕ್ಕಳ ಹೆಸರು ಕೂಗುತ್ತಿರುವ ನಮಗೆ ಒಂದು ಸಂಗತಿ ಸ್ಪಷ್ಟವಾಗಿದೆ. ತಂದೆತಾಯಿಗಳು ಎಷ್ಟೇ ಉದ್ದದ ಹೆಸರನ್ನು ಇಟ್ಟರೂ ಬೀದಿ ಅದನ್ನು ತನಗೆ ಬೇಕಾದಷ್ಟಕ್ಕೆ ಕತ್ತರಿಸಿಕೊಳ್ಳುತ್ತದೆ. ಕರಾವಳಿಯಲ್ಲಿ ಫಾತಿಮಾ ಪಾತುಮ್ಮಳಾದಳು, ಆಯಿಶಾ ಐಸಮ್ಮಳಾದಳು, ಮುಹ್ಯಿದ್ದೀನ್ ಮೊಯ್ದಿನ್ ಆದ. ಇವೆಲ್ಲ ಪ್ರೀತಿಯಿಂದ ಸವೆದ ರೂಪಗಳು. ಇವನ್ನು ಕುರಿತು ನಮಗೆ ತಕರಾರಿಲ್ಲ. ಪ್ರವಾದಿ ಮುಹಮ್ಮದ್(ಸ)ರವರು ಪತ್ನಿ ಆಯಿಶಾ(ರ)ರನ್ನು ಅಕ್ಕರೆಯಿಂದ 'ಆಯಿಶ್' ಎಂದೂ, ತಮ್ಮ ಸೇವೆಯಲ್ಲಿದ್ದ ಬಾಲಕ ಅನಸ್(ರ)ರನ್ನು 'ಉನೈಸ್' ಎಂದೂ ಕರೆದದ್ದು ಹದೀಸ್‌ಗಳಲ್ಲಿ ವರದಿಯಾಗಿದೆ. ಅಕ್ಕರೆಯ ಮೊಟಕು ದೋಷವಲ್ಲ.

ತೊಂದರೆಯಿರುವುದು ಅರ್ಥವನ್ನೇ ಕಡಿದುಹಾಕುವ ಮೊಟಕಿನಲ್ಲಿ. ನಮ್ಮ ಒಂದು ತರಗತಿಯಲ್ಲಿ ನಾಲ್ವರು ಹುಡುಗರಿದ್ದರು. ಶಾಲೆಯಲ್ಲಿ ನಾಲ್ವರ ಹೆಸರೂ 'ಅಬ್ದುಲ್'. ನಾವು ಒಬ್ಬನನ್ನು ಕರೆದು, "ನಿನ್ನ ಹೆಸರಿನ ಅರ್ಥವೇನು?" ಎಂದು ಕೇಳಿದೆವು. ಅವನಿಗೆ ಗೊತ್ತಿರಲಿಲ್ಲ. ಅದು ಅವನ ತಪ್ಪಲ್ಲ. ಆ ತುಂಡಿಗೆ ಪೂರ್ಣ ಅರ್ಥವೇ ಇಲ್ಲ. 'ಅಬ್ದ್' ಎಂದರೆ ದಾಸ. ಯಾರ ದಾಸ ಎಂಬುದು ಮುಂದಿನ ಪದದಲ್ಲಿದೆ. ಆ ಪದವನ್ನು ಬಿಟ್ಟರೆ ಒಡೆಯನಿಲ್ಲದ ದಾಸನೊಬ್ಬ ಉಳಿಯುತ್ತಾನೆ. ಇನ್ನು ಕೆಲವರು ಮೊದಲ ಭಾಗವನ್ನು ಬಿಟ್ಟು ಮಗುವನ್ನು 'ರಹ್ಮಾನ್', 'ಖಾಲಿಕ್', 'ರಝ್ಝಾಕ್' ಎಂದು ಕರೆಯುತ್ತಾರೆ. ಇದು ಇನ್ನಷ್ಟು ಗಂಭೀರ. ರಹೀಮ್, ಕರೀಮ್, ಅಲೀ ಮೊದಲಾದ ಪದಗಳು ಮನುಷ್ಯರಿಗೂ ಸಲ್ಲುತ್ತವೆ. ರಹ್ಮಾನ್, ಖಾಲಿಕ್, ರಝ್ಝಾಕ್ ಎಂಬವು ಅಲ್ಲಾಹನಿಗೆ ಮಾತ್ರ ಮೀಸಲಾದ ನಾಮಗಳು. "ಏ ರಝ್ಝಾಕ್, ಅಂಗಡಿಗೆ ಹೋಗಿ ಬಾ" ಎಂದು ಕೂಗುವಾಗ ನಾವು ಅನ್ನದಾತನ ನಾಮವನ್ನು ಹುಡುಗನೊಬ್ಬನ ಮೇಲೆ ಹೊರಿಸುತ್ತಿದ್ದೇವೆ ಎಂಬ ಎಚ್ಚರ ಎಷ್ಟು ಮನೆಗಳಲ್ಲಿದೆ?

ಹಾಗಾದರೆ ಅಬ್ದುಲ್ಲಾ, ಅಬ್ದುರ್ರಹ್ಮಾನ್ ಎಂಬ ಹೆಸರುಗಳನ್ನು ಇಡಬಾರದೇ? ಖಂಡಿತ ಇಡಬಹುದು. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಹೆಸರುಗಳು ಇವೆರಡೆಂದು ಪ್ರವಾದಿ(ಸ)ರವರು ತಿಳಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆದರೆ ಇಟ್ಟ ಮೇಲೆ ಪೂರ್ತಿಯಾಗಿ ಕರೆಯುವ ಹೊಣೆಯೂ ನಮ್ಮದೇ. 'ಅಬ್ದುಲ್ಲಾ' ಎಂಬುದು ಒಂದೇ ಉಸಿರಿನ ಹೆಸರು, ಕರೆಯಲು ಕಷ್ಟವೇನಿಲ್ಲ. ಅದರ ಹಿಂದೆ 'ಮುಹಮ್ಮದ್', ಮುಂದೆ ಅಜ್ಜನ ಹೆಸರು, ಕೊನೆಗೆ ಅತ್ತೆ ಮೆಚ್ಚಿದ ಇನ್ನೊಂದು ಹೆಸರು ಎಂದು ಪೋಣಿಸಿದಾಗ ಅದು ತುಂಡಾಗತೊಡಗುತ್ತದೆ. ನಾಲ್ಕು ಮಂದಿಯನ್ನು ಮೆಚ್ಚಿಸಲು ಇಟ್ಟ ನಾಲ್ಕು ಹೆಸರುಗಳಲ್ಲಿ ಮೂರು ದಾಖಲೆಯಲ್ಲೇ ಉಳಿಯುತ್ತವೆ.

ಚಿಕ್ಕ ಹೆಸರುಗಳಿಗೆ ನಮ್ಮಲ್ಲಿ ಬರವೇನೂ ಇಲ್ಲ. ಪ್ರವಾದಿಗಳ ಹೆಸರುಗಳನ್ನೇ ನೋಡಿರಿ: ಆದಮ್, ನೂಹ್, ಹೂದ್, ಲೂತ್, ಮೂಸಾ, ಈಸಾ, ಯಹ್ಯಾ. ಸಹಾಬಿಗಳಲ್ಲಿ ಉಮರ್, ಅಲೀ, ಅನಸ್, ಬಿಲಾಲ್, ಸಅದ್, ಝೈದ್. ಪವಿತ್ರ ಕುರ್‌ಆನ್ ಹೆಸರಿಟ್ಟು ಉಲ್ಲೇಖಿಸಿದ ಏಕೈಕ ಸಹಾಬಿ ಝೈದ್(ರ). ಹೆಣ್ಣುಮಕ್ಕಳಿಗೆ ಸಾರಾ, ಹಾಜರಾ, ಹಫ್ಸಾ, ಅಸ್ಮಾ, ಸುಮಯ್ಯಾ, ಝೈನಬ್. ಇವುಗಳಲ್ಲಿ ಯಾವುದನ್ನೂ ಕತ್ತರಿಸಬೇಕಾದ ಅಗತ್ಯ ಬೀದಿಗೆ ಬರುವುದಿಲ್ಲ.

ಆದರೆ ಚಿಕ್ಕದಾಗಿದ್ದ ಮಾತ್ರಕ್ಕೆ ಹೆಸರು ಒಳ್ಳೆಯದಾಗುವುದಿಲ್ಲ. ಸಹೀಹ್ ಬುಖಾರಿಯಲ್ಲಿ ಒಂದು ಪ್ರಸಂಗವಿದೆ. ಪ್ರಸಿದ್ಧ ವಿದ್ವಾಂಸ ಸಈದ್ ಬಿನ್ ಮುಸಯ್ಯಬ್‌ರ ಅಜ್ಜನ ಹೆಸರು 'ಹಝ್ನ್'. ಒರಟು ನೆಲವೆಂಬುದು ಅದರ ಅರ್ಥ. ಪ್ರವಾದಿ(ಸ)ರವರು ಅದನ್ನು 'ಸಹ್ಲ್' ಎಂದು ಬದಲಿಸಲು ಸೂಚಿಸಿದರು. ಸಹ್ಲ್ ಎಂದರೆ ಸಮತಟ್ಟಾದುದು, ಸರಳವಾದುದು. ತಂದೆ ಇಟ್ಟ ಹೆಸರನ್ನು ಬದಲಿಸಲಾರೆನೆಂದು ಅವರು ಹೇಳಿದರು. ಆ ಒರಟುತನ ತಮ್ಮ ಮನೆತನದಲ್ಲಿ ಉಳಿದೇಹೋಯಿತೆಂದು ಮೊಮ್ಮಗ ಸಈದ್ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಹಝ್ನ್, ಸಹ್ಲ್ ಎರಡೂ ಒಂದೇ ಅಳತೆಯ ಚಿಕ್ಕ ಹೆಸರುಗಳು. ಅವುಗಳ ನಡುವಿನ ಅಂತರವೆಲ್ಲ ಅರ್ಥದ್ದು.

ಹಾಗೆಯೇ 'ಅವಿಧೇಯಳು' ಎಂಬ ಅರ್ಥದ ಆಸಿಯಾ ಎಂಬ ಹೆಸರನ್ನು ಪ್ರವಾದಿ(ಸ)ರವರು 'ಜಮೀಲಾ' ಎಂದು ಬದಲಿಸಿದರು. 'ಪುಣ್ಯವತಿ' ಎಂದು ತನ್ನನ್ನು ತಾನೇ ಹೊಗಳಿಕೊಳ್ಳುವಂತಿದ್ದ 'ಬರ್ರಾ' ಎಂಬ ಹೆಸರನ್ನು 'ಝೈನಬ್' ಎಂದು ಮಾಡಿದರು. ಆದರೆ ಇಸ್ಲಾಮಿಗೆ ಮೊದಲೇ ಬಳಕೆಯಲ್ಲಿದ್ದ ಉಮರ್, ಹಂಝಾ, ಖಾಲಿದ್ ಮೊದಲಾದ ಹೆಸರುಗಳನ್ನು ಹಾಗೆಯೇ ಉಳಿಸಿದರು. ಹೆಸರು ಹಳೆಯದೇ ಹೊಸದೇ ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ. ಅದರ ಅರ್ಥ ಮನುಷ್ಯನಿಗೆ ಯೋಗ್ಯವೇ ಎಂಬುದಷ್ಟೇ ವಿಚಾರವಾಗಿತ್ತು.

ಇಲ್ಲಿ ಕನ್ನಡ ಓದುಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮೇಲೆ ಹೇಳಿದ 'ಆಸಿಯಾ' ಎಂಬುದನ್ನು ಓದಿ ನಮ್ಮ ಸಹೋದರಿಯರು ಕೆಲವರು ಗಾಬರಿಗೊಂಡಿರಬಹುದು. ಗಾಬರಿ ಬೇಡ. ಫಿರ್‌ಔನನ ಪತ್ನಿ, ಸತ್ಯವಿಶ್ವಾಸಿನಿ ಆಸಿಯಾರ ಹೆಸರೇ ಬೇರೆ. ಅದು ಅಲಿಫ್ ಮತ್ತು ಸೀನ್ ಅಕ್ಷರಗಳಿಂದ ಆಗಿದೆ. ಪ್ರವಾದಿ(ಸ)ರವರು ಬದಲಿಸಿದ ಹೆಸರು ಐನ್ ಮತ್ತು ಸ್ವಾದ್ ಅಕ್ಷರಗಳದ್ದು. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಹೆಸರು ಚಿಕ್ಕದಾದಷ್ಟೂ ಈ ಅಪಾಯ ಹೆಚ್ಚು. ಒಂದಕ್ಷರ ಬದಲಾದರೆ ಅರ್ಥವೇ ಬದಲಾಗುತ್ತದೆ.

ನಮ್ಮ ಕರಾವಳಿಯಲ್ಲಿ ಈಗ ಬಹಳ ಕೇಳಿಬರುವ 'ಮಿನ್ಹಾ' ಎಂಬ ಹೆಸರನ್ನು ತೆಗೆದುಕೊಳ್ಳಿರಿ. ಒತ್ತಿ ನುಡಿಯುವ ಹಕಾರದಿಂದ ಬರೆದರೆ ಅದಕ್ಕೆ ಕೊಡುಗೆಯೆಂಬ ಸುಂದರ ಅರ್ಥವಿದೆ. ಸಾಮಾನ್ಯ ಹಕಾರದಿಂದ ಬರೆದರೆ 'ಅವಳಿಂದ' ಅಥವಾ 'ಅದರಿಂದ' ಎಂದಷ್ಟೇ ಆಗುತ್ತದೆ. ಕುರ್‌ಆನಿನಲ್ಲಿ ಕಾಣಿಸಿಕೊಂಡ ಪದವೆಂಬ ಒಂದೇ ಕಾರಣಕ್ಕೆ ಹೆಸರಿಡುವವರೂ ಇದ್ದಾರೆ. 'ಅನಮ್ತಾ' ಎಂಬುದು ಸೂರಃ ಫಾತಿಹಾದಲ್ಲಿರುವ ಕ್ರಿಯಾಪದ. 'ನೀನು ಅನುಗ್ರಹಿಸಿದೆ' ಎಂದು ಅದರ ಅರ್ಥ. ಕುರ್‌ಆನಿನ ಪ್ರತಿಯೊಂದು ಪದವೂ ಪವಿತ್ರವೇ. ಆದರೆ ಪ್ರತಿಯೊಂದು ಪದವೂ ಹೆಸರಲ್ಲ.

ಕನ್ನಡದ ಕಿವಿಯನ್ನೂ ಮರೆಯಬಾರದು. 'ಅಮಲ್' ಎಂಬುದು ಅರಬಿಯಲ್ಲಿ ಹಂಝಾದಿಂದ ಬರೆದರೆ ಭರವಸೆ, ಐನ್‌ನಿಂದ ಬರೆದರೆ ಕರ್ಮ. ಎರಡೂ ಒಳ್ಳೆಯವೇ. ಆದರೆ ಕನ್ನಡದಲ್ಲಿ ವ್ಯಂಜನಾಂತ ಪದಕ್ಕೆ ಉಕಾರ ಸೇರುವುದು ವಾಡಿಕೆ. ಅಮಲ್ ಶಾಲೆಗೆ ಹೋದ ದಿನವೇ 'ಅಮಲು' ಆಗುತ್ತದೆ. ಉಳಿದ ಮಕ್ಕಳ ಬಾಯಿಯನ್ನು ಯಾರು ಕಟ್ಟಬಲ್ಲರು? ಅಡ್ಡಹೆಸರುಗಳಿಂದ ಪರಸ್ಪರರನ್ನು ಹೀಯಾಳಿಸಬಾರದೆಂದು ಸೂರಃ ಹುಜುರಾತ್‌ನಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ಹೀಯಾಳಿಕೆಗೆ ಎಡೆಮಾಡುವ ಹೆಸರನ್ನು ಮೊದಲೇ ತಪ್ಪಿಸುವುದು ಹೆತ್ತವರ ವಿವೇಕ. ಆದುದರಿಂದ ಮಗುವಿಗೆ ಹೆಸರು ಆಯ್ದ ಮೇಲೆ ಅದನ್ನು ಒಮ್ಮೆ ಅರಬಿ ಅಕ್ಷರಗಳಲ್ಲಿ ಬರೆಯಿಸಿ, ಅರ್ಥದೊಂದಿಗೆ ಮನೆಯಲ್ಲಿ ಇಟ್ಟುಕೊಳ್ಳಿರಿ. ಬಳಿಕ ಅದನ್ನು ಕನ್ನಡದಲ್ಲಿ ಜೋರಾಗಿ ಕೂಗಿ ನೋಡಿರಿ.

ಇನ್ನು ಸ್ವಲ್ಪ ನೋವಿನ ಮಾತು. ಇತ್ತೀಚೆಗೆ ಕೆಲವು ಯುವ ತಂದೆಯರು ನಮ್ಮ ಬಳಿ ಬಂದು, "ಯಾವ ಸಮುದಾಯದ ಮಗುವೆಂದು ತಿಳಿಯದಂತಹ ಚಿಕ್ಕ ಹೆಸರು ಹೇಳಿರಿ" ಎಂದು ಕೇಳುವುದುಂಟು. ಬಾಡಿಗೆ ಮನೆ ಸಿಗದ ಅನುಭವ, ಸಂದರ್ಶನದಲ್ಲಿ ಹೆಸರು ಕೇಳಿದೊಡನೆ ಬದಲಾದ ಮುಖ, ಇವು ಅವರ ಪ್ರಶ್ನೆಯ ಹಿಂದಿವೆ. ಅವರನ್ನು ಗದರಿಸಲು ನಮಗೆ ಮನಸ್ಸಾಗುವುದಿಲ್ಲ. ಒಳ್ಳೆಯ ಅರ್ಥದ ಹೆಸರು ಯಾವ ಭಾಷೆಯದ್ದಾದರೂ ಅದನ್ನು ನಿಷಿದ್ಧವೆಂದು ಹೇಳಲು ಆಧಾರವಿಲ್ಲ. ಆದರೆ ನಾವು ಅವರಿಗೆ ಒಂದು ಪ್ರಶ್ನೆ ಹಾಕುತ್ತೇವೆ: "ಈ ಹೆಸರನ್ನೇಕೆ ಇಟ್ಟಿರಿ ಎಂದು ನಾಳೆ ಮಗು ಕೇಳಿದರೆ ಏನು ಉತ್ತರ ಕೊಡುವಿರಿ? ನಿನ್ನನ್ನು ಅಡಗಿಸಲು ಇಟ್ಟೆವು ಎನ್ನುವಿರಾ?" ಭಯದಿಂದ ಇಟ್ಟ ಹೆಸರು ಆ ಭಯವನ್ನೂ ಮಗುವಿಗೆ ದಾಟಿಸುತ್ತದೆ.

ಕನ್ನಡ ನಾಡು ನಮ್ಮ ಹೆಸರುಗಳನ್ನು ಪರಕೀಯವೆಂದು ಎಂದೂ ದೂರವಿಟ್ಟಿಲ್ಲ. 1819ರಲ್ಲಿ ಹುಟ್ಟಿದ ಶಿಶುನಾಳದ ಶರೀಫರನ್ನು ಹಳ್ಳಿಹಳ್ಳಿಯ ಭಜನಾ ಮಂಡಳಿಗಳು ಇಂದಿಗೂ ಆ ಹೆಸರಿನಿಂದಲೇ ನೆನೆಯುತ್ತವೆ. ನಿಸಾರ್ ಎಂದರೆ ಸಾಕು, ಕನ್ನಡಿಗರಿಗೆ ಯಾವ ಕವಿಯೆಂದು ತಿಳಿಯುತ್ತದೆ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಎಂಬ ಹೆಸರುಗಳು ಕನ್ನಡ ಕಥಾಸಾಹಿತ್ಯದ ಹೆಸರುಗಳೇ ಆಗಿವೆ. ಶರೀಫ, ನಿಸಾರ್, ಸಾರಾ, ಬಾನು: ಎಲ್ಲವೂ ಚಿಕ್ಕವು, ಎಲ್ಲವೂ ತಮ್ಮ ಗುರುತನ್ನು ಉಳಿಸಿಕೊಂಡವು, ಎಲ್ಲವೂ ಕನ್ನಡದ ನಾಲಗೆಗೆ ಒಗ್ಗಿದವು. ನಮ್ಮ ಮಕ್ಕಳ ಹೆಸರುಗಳಿಗೂ ಈ ದಾರಿ ತೆರೆದಿದೆ.

ದಾಖಲೆಗಳ ಮಾತನ್ನೂ ಹೇಳಲೇಬೇಕು. ಈಚೆಗೆ ನಮ್ಮ ಜನರು ಹೆಸರಿನ ದೆಸೆಯಿಂದ ಅತಿ ಹೆಚ್ಚು ಅಲೆದಾಡುವುದು ಕಚೇರಿಗಳಿಗೆ. ಒಬ್ಬನೇ ಹುಡುಗ ಶಾಲೆಯ ದಾಖಲೆಯಲ್ಲಿ 'ಮಹಮ್ಮದ್', ಆಧಾರ್‌ನಲ್ಲಿ 'ಮೊಹಮ್ಮದ್', ಅಂಕಪಟ್ಟಿಯಲ್ಲಿ 'ಎಂ.ಡಿ.' ಆಗಿರುವುದನ್ನು ನಾವು ಕಂಡಿದ್ದೇವೆ. ಪ್ರವಾದಿ(ಸ)ರವರ ಹೆಸರನ್ನು ಪ್ರೀತಿಯಿಂದ ಸೇರಿಸಿ, ಕೊನೆಗೆ ಎರಡು ಇಂಗ್ಲಿಷ್ ಅಕ್ಷರಗಳಿಗೆ ಇಳಿಸುವುದು ಆ ಪ್ರೀತಿಗೆ ಒಪ್ಪುವುದಿಲ್ಲ. ಸೇರಿಸುವುದಾದರೆ ಪೂರ್ತಿ ಬರೆಯಿರಿ, ಎಲ್ಲೆಡೆಯೂ ಒಂದೇ ಬಗೆಯಲ್ಲಿ ಬರೆಯಿರಿ. ಚಿಕ್ಕ ಹೆಸರಿನಲ್ಲಿ ಇಂತಹ ವ್ಯತ್ಯಾಸಕ್ಕೆ ಎಡೆ ಕಡಿಮೆ. ಆದರೂ ಎಚ್ಚರ ಬೇಕು. 'ಸಅದ್' ಎಂಬ ಭಾಗ್ಯಸೂಚಕ ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ 'ಎ' ಹಾಕಿ ಬರೆದರೆ ಅದು ದುಃಖಿತನೆಂಬ ಅರ್ಥದ ಪದವಾಗಿಬಿಡುತ್ತದೆ.

ಆಸ್ಪತ್ರೆಯಲ್ಲಿ ಅವಸರ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಣಿ ಮಾಡಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಅವಕಾಶವಿದೆ. ಅದು ತಪ್ಪಿದರೆ ವಿಳಂಬ ಶುಲ್ಕದೊಂದಿಗೆ 15 ವರ್ಷಗಳವರೆಗೂ ಸೇರಿಸಬಹುದು. 2023ರ ತಿದ್ದುಪಡಿ ಜಾರಿಗೆ ಬಂದ ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಆಧಾರ್, ಪಾಸ್‌ಪೋರ್ಟ್ ಮುಂತಾದವುಗಳಿಗೆಲ್ಲ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಅದರಲ್ಲಿ ಬಿದ್ದ ಒಂದು ತಪ್ಪಕ್ಷರ ಮಗುವಿನ ಜೊತೆಗೇ ಬೆಳೆಯುತ್ತದೆ. ಅರ್ಜಿಗೆ ಸಹಿ ಹಾಕುವ ಮುನ್ನ ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಾಗುಣಿತವನ್ನು ನೀವೇ ಬರೆದುಕೊಡಿರಿ.

ಚಿಕ್ಕ ಹೆಸರೆಂದರೆ ಒಂಟಿ ಹೆಸರೆಂದು ಭಾವಿಸಬೇಡಿರಿ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ಮತ್ತು ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ತಿಳಿಸಿದಾಗ ಕೊಲ್ಲಿಯನ್ನು ನೆಚ್ಚಿಕೊಂಡ ನಮ್ಮ ಎಷ್ಟೋ ಕುಟುಂಬಗಳು ಚಿಂತೆಗೀಡಾದವು. ಇದಕ್ಕೆ ಪರಿಹಾರ ನಮ್ಮ ಧರ್ಮದಲ್ಲೇ ಇದೆ. ಮಕ್ಕಳನ್ನು ಅವರ ತಂದೆಯರ ಹೆಸರಿನೊಂದಿಗೆ ಕರೆಯಿರೆಂದು ಸೂರಃ ಅಹ್‌ಝಾಬ್ ಆದೇಶಿಸುತ್ತದೆ. ಮಗುವಿಗೆ ಒಂದು ಚಿಕ್ಕ ಹೆಸರು, ಅದರ ಮುಂದೆ ತಂದೆಯ ಹೆಸರು. ಇಷ್ಟು ಸಾಕು. ಹೆಣ್ಣುಮಕ್ಕಳಾದರೆ ಮದುವೆಯ ಬಳಿಕವೂ ಇದನ್ನು ಬದಲಿಸಬೇಕಾಗಿಲ್ಲ.

ಕೊನೆಯದಾಗಿ ಒಂದು ಮೂಢನಂಬಿಕೆಯ ಕುರಿತು. ಮಗು ಪದೇ ಪದೇ ಕಾಯಿಲೆ ಬಿದ್ದರೆ, "ಹೆಸರು ಭಾರವಾಗಿದೆ, ಬದಲಿಸಿರಿ" ಎಂದು ಸಲಹೆ ಕೊಡುವವರು ನಮ್ಮಲ್ಲಿದ್ದಾರೆ. ಹೆಸರಿನ ಅಕ್ಷರಗಳನ್ನು ಎಣಿಸಿ ಭಾಗ್ಯ ನಿರ್ಧರಿಸುವವರೂ ಇದ್ದಾರೆ. ಹೆಸರು ಜ್ವರ ತರುವುದಿಲ್ಲ. ಕಾಯಿಲೆಯ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು; ಹೆಸರಿನ ತೂಕ ನೋಡುತ್ತಾ ದಿನ ಕಳೆಯಬಾರದು. ಕೆಟ್ಟ ಅರ್ಥವಿದ್ದರೆ ಮಾತ್ರ ಹೆಸರು ಬದಲಿಸುವುದು ಸುನ್ನತ್.

ಆ ಸಂಜೆ ನಾವು ನಮ್ಮ ಶಿಷ್ಯನಿಗೆ ಸೂರಃ ಆಲಿ ಇಮ್ರಾನ್‌ನ ಪ್ರಸಂಗವನ್ನು ನೆನಪಿಸಿದೆವು. ಇಮ್ರಾನರ ಪತ್ನಿ ಹೆಣ್ಣುಮಗುವನ್ನು ಹೆತ್ತು, ಇವಳಿಗೆ ಮರ್ಯಮ್ ಎಂದು ಹೆಸರಿಟ್ಟಿದ್ದೇನೆಂದು ಅಲ್ಲಾಹನಲ್ಲಿ ನಿವೇದಿಸಿಕೊಳ್ಳುತ್ತಾರೆ. ಜಗತ್ತಿನ ಸ್ತ್ರೀಯರಲ್ಲಿ ಶ್ರೇಷ್ಠಳಾಗಿ ಆಯ್ಕೆಯಾದ ಆ ಮಗುವಿಗೆ ಹೆಸರಿಟ್ಟವಳು ತಾಯಿ. "ಮೊದಲು ಮನೆಗೆ ಹೋಗಿ ಹೆಂಡತಿಯನ್ನು ಕೇಳು. ಆಮೇಲೆ ಅವಳು ಹೇಳಿದ ಹೆಸರನ್ನು ಅಜ್ಜಿಯ ಬಾಯಿಂದ ಮೂರು ಸಲ ಕರೆಸಿ ನೋಡು" ಎಂದು ಹೇಳಿ ಕಳುಹಿಸಿದೆವು.

ಮರುದಿನ ಅವನು ಮಗ್ರಿಬಿಗೆ ಬಂದ. ತಾಯಿ ಹೇಳಿದ ಹೆಸರು 'ಯಹ್ಯಾ'. ಝಕರಿಯ್ಯಾ(ಅ)ರಿಗೆ ಮುಪ್ಪಿನಲ್ಲಿ ಮಗನನ್ನು ಕರುಣಿಸಿದ ಅಲ್ಲಾಹನು ತಾನೇ ಇಟ್ಟ ಹೆಸರದು. ಅದಕ್ಕೆ ಮೊದಲು ಆ ಹೆಸರನ್ನು ಯಾರಿಗೂ ಇಟ್ಟಿರಲಿಲ್ಲವೆಂದು ಸೂರಃ ಮರ್ಯಮ್ ತಿಳಿಸುತ್ತದೆ. ಬದುಕು ಎಂಬ ಅರ್ಥದ ಎಳೆ ಅದರಲ್ಲಿದೆ. ಹೊಸತನವನ್ನು ಬಯಸಿದ ನಮ್ಮ ಶಿಷ್ಯನಿಗೆ ಇದಕ್ಕಿಂತ ಹೊಸ ಹೆಸರು ಎಲ್ಲಿ ಸಿಗಬೇಕಿತ್ತು? ಕನ್ನಡದಲ್ಲಿ ಎಣಿಸಿದರೆ ಎರಡೇ ಅಕ್ಷರ.

"ಅಜ್ಜಿ ಏನೆಂದರು?" ಎಂದು ಕೇಳಿದೆವು.

"ಮೂರು ಸಲ ಕರೆದರು ಉಸ್ತಾದ್. ಮೂರನೆಯ ಸಲ ಮಗು ಕಣ್ಣು ತೆರೆಯಿತು. 'ನಿಮ್ಮ ಅಜ್ಜನ ಹೆಸರನ್ನು ನಾವೇ ಒಂದು ದಿನವೂ ಸರಿಯಾಗಿ ಕರೆಯಲಿಲ್ಲ. ಇವನದ್ದನ್ನಾದರೂ ಸರಿಯಾಗಿ ಕರೆಯೋಣ' ಎಂದರು" ಎಂದ.

ಅಲ್ಲಾಹನು ನಮ್ಮ ಮಕ್ಕಳಿಗೆ ಒಳ್ಳೆಯ ಹೆಸರನ್ನೂ, ಆ ಹೆಸರಿಗೆ ತಕ್ಕ ನಡತೆಯನ್ನೂ, ಆ ಹೆಸರನ್ನು ಪೂರ್ತಿಯಾಗಿ ಪ್ರೀತಿಯಿಂದ ಕರೆಯುವ ನಾಲಗೆಗಳನ್ನು ನಮಗೂ ಅನುಗ್ರಹಿಸಲಿ. ಆಮೀನ್.